ತೆರೆದಿಟ್ಟ ಫೈಲಿಗೆ ಬೀಗ

ಮೂರು ಊರಲ್ಲಿ ಆಫೀಸಿರುವ ನಮ್ಮ ತೆಂಗು ಬೆಳೆಗಾರರ ಸಂಘಕ್ಕೆ ಇರುವುದು ಒಂದೇ ಸರ್ವರ್. ಅದನ್ನು ಕಾಯುವ ಪಾಪಿ ನಾನು. ಒಬ್ಬರು ಫೈಲ್ ತೆರೆದು ಕೂತರೆ ಉಳಿದವರಿಗೆ ಅದು ಲಾಕ್: ತೆರೆದು ನೋಡಬಹುದು, ಆದರೆ ತೆರೆದವರೆಲ್ಲ ಮುಚ್ಚುವ ತನಕ ಅದರಲ್ಲಿ ಕೆಲಸ ಮಾಡುವಂತಿಲ್ಲ. ಕೆಲಸ ಮುಗಿದ ಮೇಲೆ ಮುಚ್ಚಬೇಕೆಂಬ ಬುದ್ಧಿ ಯಾರಿಗೂ ಇಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಮೊನ್ನೆ ಹಿರೇನಲ್ಲೂರಿನ ಅಜ್ಜಿಯೊಬ್ಬರು ಸದಸ್ಯತ್ವದ ಪತ್ರಕ್ಕೆ ಕಡೂರು ಆಫೀಸಿಗೆ ಬಂದರು. ಹನಿ ನೀರಾವರಿ ಅರ್ಜಿಯ ಜೊತೆ ಅದನ್ನು ಇಡಬೇಕು. ಅರ್ಜಿಗೆ ಅವತ್ತೇ ಕೊನೆ ದಿನ. ನೋಡಿದರೆ ಪತ್ರ ತೆಗೆಯಬೇಕಾದ ಸದಸ್ಯರ ಫೈಲೇ ಲಾಕ್!

ತರೀಕೆರೆ

ಅಲ್ಲಿನ ಗುಮಾಸ್ತರಿಗೆ ಫೋನ್ ಮಾಡಿದೆ. "ಫೈಲ್ ಮುಚ್ಚಿದೀರಾ?"

"ಆಗ್ಲೇ ಮುಚ್ಚಿದೀನಿ ಕಣ್ರೀ."

"ಹೆಂಗೆ ಮುಚ್ಚಿದ್ರಿ?"

"ಕಂಪ್ಯೂಟರಿನ ಟಿ.ವಿ. ಆಫ್ ಮಾಡಿ, ಮೇಲೆ ಬಟ್ಟೆನೂ ಹೊದಿಸಿದೀನಿ. ಧೂಳು ಸೈತ ಹೋಗಲ್ಲ!"

ಅಜ್ಜಂಪುರ

ತರೀಕೆರೆಯದನ್ನು ಮುಚ್ಚಿಸಿದರೂ ಲಾಕ್ ಹೋಗಲಿಲ್ಲ. ಅಜ್ಜಂಪುರದ ಗುಮಾಸ್ತರಿಗೆ ಫೋನ್ ಹಚ್ಚಿದೆ. ಅವರಿಗೆ ಆ ಫೈಲಿನಲ್ಲಿ ಕೆಲಸವಿದ್ದುದು ಮಧ್ಯಾಹ್ನ ಮೂರಕ್ಕೆ. ತೆರೆದದ್ದು ಬೆಳಿಗ್ಗೆ ಹತ್ತಕ್ಕೆ.

"ಈಗ್ಲೇ ಯಾಕ್ ಸ್ವಾಮಿ?"

"ಬೀರೂರ್ ಬಸ್ಸಿಗೆ ಕಿಟಕೀಲಿ ಟವೆಲ್ ಹಾಕಲ್ವಾ? ಆಮೇಲೆ ಸೀಟ್ ಸಿಗ್ಲಿಲ್ಲ ಅಂದ್ರೆ ನೀವ್ ಕೊಡ್ತೀರಾ?"

ಇಂಥವರಿಗೆ ಸಂಬಳ ಬೇರೆ!

ಕಡೂರು

ಟವೆಲ್ ತೆಗೆಸಿದರೂ ಫೈಲ್ ಬಿಡಲಿಲ್ಲ. ಅಜ್ಜಿ ಗಡಿಯಾರ ನೋಡುತ್ತಿದ್ದರು. ರೇಗಿಹೋಗಿ, ಸರ್ವರ್‌ನಲ್ಲಿ ತೆರೆದಿರುವ ಫೈಲುಗಳನ್ನೆಲ್ಲ ಹುಡುಕಿ ಒಂದೇ ಏಟಿಗೆ ಬಿಡಿಸುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಬರೆದೆ. ಮೊದಲು ಯಾವ ಫೈಲ್ ಯಾರ ಹೆಸರಿನಲ್ಲಿದೆ ಎಂದು ಪಟ್ಟಿ ತೆಗೆಸಿದೆ. ಮೇಲಿನಿಂದ ಕೆಳಗಿನವರೆಗೂ ಒಂದೇ ಹೆಸರು, ನಮ್ಮ ಕಾರ್ಯದರ್ಶಿಗಳದು.

ಕೇಳಿದರೆ ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ಅಂಗಡಿ ಬಾಗಿಲು ತೆಗೆದ ಹಾಗೆ ಎಲ್ಲ ಫೈಲುಗಳನ್ನೂ ತೆಗೆದಿಡುವುದು ಅವರ ಪದ್ಧತಿಯಂತೆ. ಬಾಗಿಲು ಹಾಕಿಟ್ಟರೆ ಸಂಘಕ್ಕೆ ಶ್ರೇಯಸ್ಸಿಲ್ಲವಂತೆ!

ನಾಚಿಕೆಯಾದರೂ ಆದೀತೆಂದು ಪಟ್ಟಿಯನ್ನು ಅವರ ಮುಂದೆ ಹಿಡಿದೆ. ಕನ್ನಡಕ ಏರಿಸಿ ಓದಿದರು. ಎದೆ ಉಬ್ಬಿತು. ಇಡೀ ಆಫೀಸಿಗೆ ಕೇಳುವಂತೆ ಕೂಗಿದರು:

"ನೋಡ್ರಪ್ಪಾ! ಈ ಸಂಘದಾಗೆ ಕೆಲ್ಸ ಮಾಡೋನು ನಾನೊಬ್ನೇ ಅಂತ ಕಂಪ್ಯೂಟರೇ ಬರ್ಕೊಟ್ಟದೆ!"

ಅವರು ಪಟ್ಟಿಯನ್ನು ಮೇಜಿನಿಂದ ಮೇಜಿಗೆ ತೋರಿಸುತ್ತ ಹೊರಟಾಗ ನಾನು ಸ್ಕ್ರಿಪ್ಟ್ ಓಡಿಸಿಬಿಟ್ಟೆ. ಎಲ್ಲ ಲಾಕುಗಳೂ ಬಿಟ್ಟವು. ಎರಡೇ ನಿಮಿಷಕ್ಕೆ ಪತ್ರ ಅಜ್ಜಿಯ ಕೈಯಲ್ಲಿತ್ತು.

ಅಜ್ಜಿ ಅದನ್ನು ಮಡಚಿಕೊಂಡು ಕಾರ್ಯದರ್ಶಿಗಳಿಗೆ ಕೈಮುಗಿದರು.

"ಇನ್ಮ್ಯಾಕೆ ಒಸಿ ಕಮ್ಮಿ ಕೆಲ್ಸ ಮಾಡಿ ಸ್ವಾಮಿ. ನಮ್ ಕೆಲ್ಸನಾದ್ರೂ ಆಯ್ತದೆ."