ಮೇಪಲ್ ಗಿಡದ ನಿದ್ದೆ ಕೆಡಿಸಲಿರುವ ಹೀಟರಿನ ಬಗ್ಗೆ

ಇಂದ:
ದಾಖಲೆ ಕೊಠಡಿಯ ಗುಮಾಸ್ತ,
ನೆಲಮಾಳಿಗೆ, ಕೊನೆಯ ಬಾಗಿಲು
(ಮುಂದೆ ‘ಅರ್ಜಿದಾರ’ ಎನಿಸಿಕೊಳ್ಳುವವನು, ಮನೆಯಲ್ಲಿ ಏನೇನೋ ಎನಿಸಿಕೊಳ್ಳುವವನು)

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಮೂರನೆಯ ಮಹಡಿ, ಬೆಚ್ಚಗಿನ ಕೋಣೆ

ವಿಷಯ: ಆರು ವರ್ಷ ಬೇಡಿ ಬೇಡಿ ಪಡೆದ ಹೀಟರನ್ನು ಈಗ ಬೇಡವೆಂದು ಬೇಡಿಕೊಳ್ಳುವ ಬಗ್ಗೆ.

ಉಲ್ಲೇಖ: (1) ಹೀಟರ್ ಕೋರಿ ಇದೇ ಅರ್ಜಿದಾರನು ಸಲ್ಲಿಸಿದ ಆರು ಅರ್ಜಿಗಳು.
(2) ಸದರಿ ಹೀಟರನ್ನು ಬರುವ ಸೋಮವಾರ ಜೋಡಿಸುವಂತೆ ತಮ್ಮ ಆದೇಶ.
(3) ಅತ್ತೆಯವರ ಮೌಖಿಕ ಆದೇಶ, ಪ್ರತಿದಿನ ಸಂಜೆ ಆರಕ್ಕೆ, ಫೋನಿನಲ್ಲಿ.

ಮಾನ್ಯರೇ,

ದಾಖಲೆ ಕೊಠಡಿಯಲ್ಲಿ ದಾಖಲೆ ಚಳಿ ಇದೆಯೆಂದೂ, ಬೆರಳು ಮಡಚಲಾಗದೆ ಅರ್ಜಿದಾರನು ಕಡತದ ಗಂಟುಗಳನ್ನು ಹಲ್ಲಿನಿಂದ ಬಿಚ್ಚುತ್ತಿದ್ದಾನೆಂದೂ ಉಲ್ಲೇಖ (1)ರಲ್ಲಿ ಬರೆದದ್ದು ಅಕ್ಷರಶಃ ನಿಜ. ಇಂದಿಗೂ ನಿಜ. ಆದಾಗ್ಯೂ ಹೀಟರ್ ಬೇಡ. ಕಾರಣಗಳು ಈ ಕೆಳಕಂಡಂತಿವೆ:

1. ಅರ್ಜಿದಾರನ ಅತ್ತೆಯವರ ಬಳಿ ಗೇಣುದ್ದದ ಬೋನ್ಸಾಯ್ ಮೇಪಲ್ ಗಿಡವೊಂದಿದೆ. ವಯಸ್ಸು ನಾಲ್ಕು. ಬೀಜ ಬಿತ್ತಿದವರು ಮಾವನವರು. ಮೊಳಕೆ ಬಂದ ದಿನ ಅವರು ಹಾಜರಿರಲಿಲ್ಲ. ಅದಕ್ಕೆ ಹದಿನೇಳು ದಿನ ಮೊದಲೇ ತೀರಿಕೊಂಡಿದ್ದರು.

2. ಈ ಚಳಿಗಾಲ ಅತ್ತೆಯವರು ಕಿರಿಮಗಳ ಹೆರಿಗೆಗೆಂದು ಹೊರಟರು. ಕುಂಡವನ್ನು ಅರ್ಜಿದಾರನ ಕೈಗಿತ್ತು, “ಅಳಿಯಂದ್ರೇ, ಮಗಳನ್ನ ನಿಮಗೆ ಒಪ್ಪಿಸುವಾಗ್ಲೂ ನನಗೆ ಇಷ್ಟು ಭಯ ಆಗಿರ್ಲಿಲ್ಲ. ಅವಳಿಗೆ ಬಾಯಿ ಇದೆ, ಇದಕ್ಕಿಲ್ಲ” ಎಂದರು. ಮಗಳ ಬಾಯಿಯ ಕುರಿತು ಅರ್ಜಿದಾರನ ತಕರಾರಿಲ್ಲ.

3. ಸದರಿ ಗಿಡವನ್ನು ಅರ್ಜಿದಾರನು ಅತಿಯಾದ ಕಾಳಜಿಯಿಂದ ಮನೆಯ ಹೀಟರಿನ ಪಕ್ಕದಲ್ಲೇ ಇರಿಸಿದನು. ಐದೇ ದಿನದಲ್ಲಿ ಎರಡು ಮೊಗ್ಗು ಉಬ್ಬಿದವು. “ಅತ್ತೇ, ಚಿಗುರ್ತಾ ಇದೆ!” ಎಂದು ಬೀಗುತ್ತಾ ವರದಿ ಒಪ್ಪಿಸಿದಾಗ ಆ ಕಡೆಯಿಂದ ಬಂದ ಉತ್ತರ: “ಅಯ್ಯೋ ಪುಣ್ಯಾತ್ಮಾ! ಚಳಿಗಾಲ ಪೂರ್ತಿ ಅದು ಮಲಗ್ಬೇಕು. ಮಲಗಿದ್ ಮಗೂನ ಎಬ್ಬಿಸಿ ಓಟದ ಪಂದ್ಯಕ್ಕೆ ನಿಲ್ಲಿಸಿದೀರಲ್ಲ!” ಆದ್ದರಿಂದ ಗಿಡ ಬಾಲ್ಕನಿಗೆ ವರ್ಗಾವಣೆಗೊಂಡಿತು. ಕುಂಡದ ಆಳ ನಾಲ್ಕೇ ಬೆರಳಾದ ಕಾರಣ ಬೆಳಗಾಗುವಷ್ಟರಲ್ಲಿ ಮಣ್ಣು ಹೆಪ್ಪುಗಟ್ಟಿ ಇಟ್ಟಿಗೆಯಂತಾಗಿತ್ತು. ಹೆಂಡತಿ ಬೆರಳಲ್ಲಿ ತಟ್ಟಿ ನೋಡಿ, “ಅಮ್ಮಂಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?” ಎಂದಳು. ಒಟ್ಟಿನಲ್ಲಿ ಗಿಡಕ್ಕೆ ಚಳಿ ಬೇಕು, ಬೇರು ಹೆಪ್ಪುಗಟ್ಟಬಾರದು. ಇದು ಬೇರುಮಟ್ಟದ ಸಮಸ್ಯೆ.

4. ಅಂಥ ಚಳಿ, ಅಳೆದಿಟ್ಟಂತೆ ನಾಲ್ಕು ಡಿಗ್ರಿ, ಇಡೀ ಊರಿನಲ್ಲಿ ಇರುವುದು ದಾಖಲೆ ಕೊಠಡಿಯಲ್ಲಿ ಮಾತ್ರ. ಆದ ಕಾರಣ, ಚೀಲದಲ್ಲಿ ಊಟದ ಡಬ್ಬಿಯ ಬದಲು ಕುಂಡವನ್ನು ತಂದು ‘ಬಾಕಿ ಪ್ರಕರಣಗಳು’ ಕಪಾಟಿನಲ್ಲಿ ಇರಿಸಲಾಯಿತು. ಅಲ್ಲಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲವೆಂಬುದು ಅರ್ಜಿದಾರನ ಇಪ್ಪತ್ತು ವರ್ಷಗಳ ಅನುಭವ. ಕುಂಡಕ್ಕೆ ಅರ್ಜಿದಾರನ ಸ್ವಂತ ಮಫ್ಲರ್ ಸುತ್ತಲಾಯಿತು.

5. ಅನುಭವ ಕೈಕೊಟ್ಟಿತು. ಆರನೆಯ ಅರ್ಜಿಯ ಸ್ಥಳ ತನಿಖೆಗೆಂದು ಸೂಪರಿಂಟೆಂಡೆಂಟರು ಕಳೆದ ವಾರ ಕೆಳಗಿಳಿದು ಬಂದರು.

“ಏನ್ರೀ ಇದು?”
“ಮರ, ಸಾರ್.”
“ಮರಾನಾ? ಒಂದೆಲೆ ಇಲ್ಲ! ಒಣಕಡ್ಡಿ ಕಣ್ರೀ ಇದು.”
“ಮಲಗಿದೆ, ಸಾರ್. ಸ್ವಲ್ಪ ಮೆಲ್ಲಗೆ ಮಾತಾಡಿ.”

ಸೂಪರಿಂಟೆಂಡೆಂಟರು ಅರ್ಜಿದಾರನ ಹೆಗಲ ಮೇಲೆ ಕೈಯಿಟ್ಟರು. “ಮನೇಲಿ ಎಲ್ಲಾ ಸರಿ ಇದೆಯೇನ್ರೀ?” ಎಂದು ಜೀವನದಲ್ಲಿ ಮೊದಲ ಬಾರಿಗೆ ವಿಚಾರಿಸಿದರು. ಮೇಲೆ ಹೋದವರೇ ಷರಾ ಬರೆದರು: ‘ಚಳಿ ನೌಕರನ ತಲೆಗೇರಿದೆ. ಕಡ್ಡಿಗೆ ಮಫ್ಲರ್ ಹೊದಿಸಿ ತಾನು ನಡುಗುತ್ತಿದ್ದಾನೆ. ಮಾನವೀಯ ನೆಲೆಯಲ್ಲಿ ಹೀಟರ್ ತುರ್ತು.’ ಆರು ವರ್ಷ ಮಿಸುಕಾಡದ ಕಡತ ಆರೇ ಗಂಟೆಯಲ್ಲಿ ಮೂರು ಮಹಡಿ ಹತ್ತಿಳಿಯಿತು.

6. ಸೋಮವಾರ ಹೀಟರ್ ಹತ್ತಿದರೆ ಗಿಡಕ್ಕೆ ಎರಡನೆಯ ಬಾರಿ ಎಚ್ಚರವಾಗುತ್ತದೆ. ಮತ್ತೆ ಚಿಗುರಿ ಸುಸ್ತಾದರೆ ವಸಂತಕ್ಕೆ ಏಳುವ ತ್ರಾಣ ಉಳಿಯದು.

7. ಅತ್ತೆಯವರ ಸಂಜೆಯ ಫೋನಿನಲ್ಲಿ ಅಳಿಯನ ಯೋಗಕ್ಷೇಮದ ಪ್ರಸ್ತಾಪ ಇರುವುದಿಲ್ಲ. “ಮಲಗಿದ್ಯಾ?” “ಮಲಗಿದೆ ಅತ್ತೆ.” “ಮಣ್ಣು ಮುಟ್ಟಿ ನೋಡಿದ್ರಾ?” “ನೋಡ್ದೆ.” ಆಮೇಲೆ “ಅವರಿಗೂ ಅಷ್ಟೇ, ಚಳೀಲಿ ಎಬ್ಬಿಸಿದ್ರೆ ಆಗ್ತಿರ್ಲಿಲ್ಲ” ಎಂದು ಮಾವನವರನ್ನು ನೆನೆದು ಫೋನ್ ಇಡುತ್ತಾರೆ. ತದನಂತರ ಅರ್ಜಿದಾರನು ಕುಂಡದ ಮಫ್ಲರನ್ನು ಬಿಚ್ಚಿ ಮತ್ತೊಮ್ಮೆ ಸುತ್ತುತ್ತಾನೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಹೀಟರ್ ಆದೇಶವನ್ನು ತಡೆಹಿಡಿಯಬೇಕಾಗಿ ಕೋರಿದೆ. ಈ ಅರ್ಜಿಯನ್ನು ಪರಿಶೀಲಿಸಲು ಕಚೇರಿಗೆ ಕಾಲಾವಕಾಶ ಬೇಕಾದಲ್ಲಿ ಧಾರಾಳವಾಗಿ ವಸಂತದವರೆಗೆ ತೆಗೆದುಕೊಳ್ಳಬಹುದು, ಅಲ್ಲಿಯವರೆಗೆ ಹೀಟರ್ ಜೋಡಿಸದಿದ್ದರಾಯಿತು. ಕಚೇರಿಯು ತನ್ನ ಎಂದಿನ ವೇಗದಲ್ಲೇ ಸಾಗಿದರೂ ಗಿಡ ಬದುಕುತ್ತದೆ. ಹೀಟರಿನ ಬದಲಿಗೆ ಅರ್ಜಿದಾರನಿಗೆ ಒಂದು ಮಫ್ಲರ್ ಮಂಜೂರಾದರೆ ಸಾಕು.

ಹಲ್ಲು ಕಟಕಟಿಸುತ್ತಾ, ಇಂತಿ ತಮ್ಮ ವಿಶ್ವಾಸಿ,
ಅರ್ಜಿದಾರ
(ಸಹಿ ಅಲುಗಾಡಿರುವುದು ಚಳಿಯಿಂದ, ತಿದ್ದುಪಡಿಯಲ್ಲ)

ಲಗತ್ತುಗಳು:
1. ಉದುರಿದ ಮೇಪಲ್ ಎಲೆ, ಒಂದು. ಸಹಜವಾಗಿ ಉದುರಿದ್ದು, ಗಾಬರಿ ಬೇಡ.
2. ಅರ್ಜಿದಾರನ ತಲೆ ಮೊದಲು ಹೇಗಿತ್ತೋ ಹಾಗೇ ಇದೆಯೆಂದು ಪತ್ನಿಯ ದೃಢೀಕರಣ ಪತ್ರ.
3. ಗಿಡದ ಆರೈಕೆಯ ಬಗ್ಗೆ ಅತ್ತೆಯವರು ಬರೆದುಕೊಟ್ಟ ಸೂಚನೆ, ಎರಡು ಹಾಳೆ. ಮೂಲ ಪ್ರತಿ, ದಯವಿಟ್ಟು ಹಿಂತಿರುಗಿಸುವುದು.

ವಿ.ಸೂ.: ಅರ್ಜಿ ತಿರಸ್ಕೃತವಾದಲ್ಲಿ ಆ ವಿಷಯವನ್ನು ಅರ್ಜಿದಾರನಿಗೆ ತಿಳಿಸುವ ಅಗತ್ಯವಿಲ್ಲ. ಸಂಜೆ ಆರಕ್ಕೆ ಫೋನ್ ಬರುತ್ತದೆ. ತಾವೇ ನೆಲಮಾಳಿಗೆಗೆ ಇಳಿದು ಬಂದು ಅತ್ತೆಯವರಿಗೆ ಖುದ್ದಾಗಿ ತಿಳಿಸತಕ್ಕದ್ದು.