ಹಾಜರಿಗೊಂದು ಕೆನ್ನೆ

ಎಲ್ಲ ಅನರ್ಥಕ್ಕೂ ಮೂಲ ಎಡಗಡೆಯ ಒಂದು ದವಡೆ ಹಲ್ಲು.

ಮುಖ ನೋಡಿ ಹಾಜರಿ ಹಾಕಿಕೊಳ್ಳುವ ಯಂತ್ರವನ್ನು ಕಚೇರಿಯ ಬಾಗಿಲ ಬಳಿ ಜಡಿದ ದಿನ, ಕಡತದ ಕೋಣೆಯ ಗುಮಾಸ್ತನ ಎಡಗೆನ್ನೆ ಬನ್ನಿನಂತೆ ಊದಿತ್ತು. ಬಾವು ಇಳಿದ ಮೇಲೆ ಫೋಟೋ ತೆಗೆಯಿರಿ ಎಂದು ಅವನು ಬೇಡಿಕೊಂಡ. ಇದು ಭಾರಿ ಬುದ್ಧಿವಂತ ಯಂತ್ರ, ಎಂಥ ಮುಖವನ್ನಾದರೂ ಅರ್ಥಮಾಡಿಕೊಳ್ಳುತ್ತದೆ ಎಂದು ಹೇಳಿ ಯಂತ್ರ ಕೂರಿಸಲು ಬಂದವನು ಕ್ಲಿಕ್ಕಿಸಿಯೇಬಿಟ್ಟ. ಹಲ್ಲು ಕೀಳಿಸಿ, ದೇವರು ಕೊಟ್ಟ ಕೆನ್ನೆಯನ್ನೇ ಹೊತ್ತು ಬಂದ ಗುಮಾಸ್ತನನ್ನು ಆ ಬುದ್ಧಿವಂತ ಯಂತ್ರ ಅಪರಿಚಿತನೆಂದು ತೀರ್ಮಾನಿಸಿತು.

ಹತ್ತು ಗಂಟೆಯೊಳಗೆ ಗುರುತು ಸಿಗದಿದ್ದರೆ ಆ ದಿನಕ್ಕೊಂದು ರಜೆ ಖೋತಾ. ಮೂರು ದಿನಕ್ಕೆ ಮೂರು ಹೋಗಿದ್ದವು. ಉಳಿದ ನಾಲ್ಕನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ. ದೂರದ ಊರಿನಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಹೋಗಲೊಂದು ದಿನ, ಬರಲೊಂದು ದಿನ, ಮೊಮ್ಮಗಳನ್ನು ಎತ್ತಿಕೊಳ್ಳಲು ಎರಡು ದಿನ. ಮಗುವಿಗೆ ತಾತನ ಮೂಗೇ ಬಂದಿದೆ ಎಂದು ಹೆಂಡತಿ ಅಲ್ಲಿಂದ ದಿನಾ ಫೋನು ಮಾಡುತ್ತಿದ್ದಳು. ಹತ್ತು ದಿನದ ಕೂಸಿನಲ್ಲೂ ಗುರುತು ಸಿಗುವ ಮೂಗು ಯಂತ್ರದ ಕಣ್ಣಿಗೆ ಮಾತ್ರ ಬೀಳಲಿಲ್ಲ.

ನಾಲ್ಕನೆಯ ದಿನ ಅವನು ಒಂಬತ್ತೂವರೆಗೇ ಬಂದು ಯಂತ್ರದ ಮುಂದೆ ನಿಂತ. "ಕ್ಷಮಿಸಿ, ನೀವು ಯಾರೆಂದು ತಿಳಿಯಲಿಲ್ಲ" ಎಂದಿತು ಅದು ಜೇನಿನಂಥ ದನಿಯಲ್ಲಿ. ದೂರು ಕೊಡಲೆಂದು ಮೊಬೈಲಿನಲ್ಲಿ ಕಚೇರಿಯ ಆ್ಯಪ್ ತೆರೆದರೆ, ದೂರು ದಾಖಲಿಸುವ ಮುನ್ನ ಹಾಜರಿ ಯಂತ್ರಕ್ಕೆ ಮುಖ ತೋರಿಸಿ ಬನ್ನಿ ಎಂದು ಅಪ್ಪಣೆಯಾಯಿತು.

ಅಷ್ಟರಲ್ಲಿ ಟೈಪಿಸ್ಟ್ ಅಕ್ಕ, ಕ್ಯಾಷಿಯರ್, ಕಾವಲುಗಾರ ಮೂವರೂ ಬಂದು, ತಮ್ಮ ತಮ್ಮ ಮುಖಕ್ಕೆ ಹಸಿರು ದೀಪ ಹತ್ತಿಸಿಕೊಂಡು, ಉಪದೇಶಕ್ಕೆ ನಿಂತರು.

"ಅದಕ್ಕೆ ಗೊತ್ತಿರೋದು ನಿಮ್ಮ ಊದಿದ ಮುಖ ಅಣ್ಣಾ. ಊದಿಸ್ಕೊಳ್ಳಿ, ಆಯ್ತು" ಎಂದಳು ಅಕ್ಕ.

ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಹತ್ತಿ ಬಂತು. ಎಡಗೆನ್ನೆಗೆ ಒಂದು ಉಂಡೆ ತುರುಕಿದರು. ಕೆಂಪು ದೀಪ. ಸಾಲದು ಎಂದು ಕ್ಯಾಷಿಯರ್ ಇನ್ನೊಂದು ತುರುಕಿದ. ಅದು ನಾಲಿಗೆ ದಾಟಿ ಬಲಗೆನ್ನೆಗೆ ಹೋಗಿ ಕೂತಿತು. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕಾಣುತ್ತದೆಂದು ಕಾವಲುಗಾರ ಎರಡೂ ಕಡೆ ಸಮ ಮಾಡಿದ. ಆ ಹೊತ್ತಿಗೆ ಗುಮಾಸ್ತನಿಗೆ ಬೇಡ ಎನ್ನಲು ಬಾಯಿ ಉಳಿದಿರಲಿಲ್ಲ. ಕ್ಯಾಷಿಯರ್ ಅವನ ಕನ್ನಡಕ ಕಿತ್ತುಕೊಂಡು ಯಂತ್ರದೆದುರು ತಳ್ಳಿದ. ಹತ್ತಕ್ಕೆ ಎರಡು ನಿಮಿಷವಿತ್ತು.

ಹಸಿರು ದೀಪ ಹತ್ತಿತು.

"ಸ್ವಾಗತ, ಮ್ಯಾನೇಜರ್ ಸಾಹೇಬರೇ. ಇಂದು ನೀವು ಸಮಯಕ್ಕೆ ಸರಿಯಾಗಿ ಬಂದಿದ್ದೀರಿ."

ಬೋಳು ತಲೆ ಇಬ್ಬರಿಗೂ ಇತ್ತು. ಗುಮಾಸ್ತನಿಗೆ ಕೊರತೆಯಿದ್ದದ್ದು ಸಾಹೇಬರ ದುಂಡು ಕೆನ್ನೆ ಮಾತ್ರ, ಅದನ್ನು ಹತ್ತಿ ತುಂಬಿಕೊಟ್ಟಿತ್ತು. ಯಂತ್ರದ ಕೆಳಗೇ ಒಂದು ನೋಟಿಸು ಅಂಟಿಸಿದ್ದರು: ಒಬ್ಬರ ಹಾಜರಿಯನ್ನು ಇನ್ನೊಬ್ಬರು ಹಾಕಿದರೆ ಕೆಲಸದಿಂದ ವಜಾ. ರುಜು ಮ್ಯಾನೇಜರ್ ಸಾಹೇಬರದ್ದೇ. ಗುಮಾಸ್ತ ಬಾಯಿಂದ ಹತ್ತಿ ಕಿತ್ತು ಜೇಬಿಗೆ ತುರುಕಿದ. ತಿರುಗಿ ನೋಡಿದರೆ ಹಿತೈಷಿಗಳು ಮೂವರೂ ಎಂದೂ ಇಲ್ಲದ ಶ್ರದ್ಧೆಯಿಂದ ತಂತಮ್ಮ ಕೆಲಸದಲ್ಲಿ ಮುಳುಗಿದ್ದರು.

ಸಾಹೇಬರು ಎಂದಿನಂತೆ ಹನ್ನೆರಡೂವರೆಗೆ ಬಂದರು. ಬಂದವರೇ ಕಡತದ ಗುಮಾಸ್ತನನ್ನು ಕರೆಸಿ, ಬಾಗಿಲು ಹಾಕಿಸಿ, ತಮ್ಮ ಮೊಬೈಲನ್ನು ಅವನ ಮೂಗಿಗೆ ಹಿಡಿದರು. ಹತ್ತಕ್ಕೆ ಎರಡು ನಿಮಿಷ ಇರುವಾಗ ತಾವು ಕಚೇರಿಗೆ ಬಂದ ಸುದ್ದಿ, ಕೆನ್ನೆ ಊದಿದ ಗುಮಾಸ್ತನ ಫೋಟೋ ಸಮೇತ, ಅವರಿಗೆ ಹಾಸಿಗೆಯಲ್ಲೇ ತಲುಪಿತ್ತು. ಗುಮಾಸ್ತ ಅಳುವುದೊಂದು ಬಾಕಿ, ಹಲ್ಲಿನಿಂದ ಹತ್ತಿಯವರೆಗೆ ಎಲ್ಲವನ್ನೂ ಕಕ್ಕಿದ.

"ಎಲ್ಲಿ, ಇನ್ನೊಂದ್ಸಲ ಊದಿಸಿ ನೋಡೋಣ" ಎಂದರು ಸಾಹೇಬರು.

ಅವನು ಜೇಬಿನಲ್ಲಿದ್ದ ಹತ್ತಿ ತುಂಬಿಕೊಂಡು ನಿಂತ. ಸಾಹೇಬರು ಅವನನ್ನು ಎಡದಿಂದಲೂ ಬಲದಿಂದಲೂ ಮಗುವಿನ ಮುಖ ನೋಡುವಷ್ಟು ಅಕ್ಕರೆಯಿಂದ ನೋಡಿದರು. ತಡವಾಗಿ ಬರುವುದಕ್ಕೆ ಪ್ರಧಾನ ಕಚೇರಿಯಿಂದ ಅವರಿಗೆ ಎರಡು ಎಚ್ಚರಿಕೆ ಪತ್ರ ಬಂದಿದ್ದವು. ಇನ್ನು ಮುಂದೆ ಅವನು ದಿನವೂ ಹೀಗೇ ಕೆನ್ನೆ ಊದಿಸಿಕೊಂಡು ಹತ್ತಕ್ಕೆ ಮೊದಲೇ ಬಂದು ತಮ್ಮ ಹಾಜರಿ ಹಾಕಬೇಕೆಂದು ಅವರು ಮೆಲುದನಿಯಲ್ಲಿ ಹೇಳಿದರು. ಗುಮಾಸ್ತನ ಹಾಜರಿಯನ್ನು ತಾವೇ ಕೈಯಲ್ಲಿ ಬರೆಯುತ್ತೇವೆ, ಹೋದ ಮೂರು ರಜೆಯನ್ನೂ ವಾಪಸು ಕೊಡಿಸುತ್ತೇವೆ ಎಂದರು.

ಗುಮಾಸ್ತನಿಗೆ ಸ್ವರ್ಗಕ್ಕೆ ಮೂರೇ ಗೇಣು. ಈ ಒಳ್ಳೆಯ ಗಳಿಗೆ ಮತ್ತೆ ಬರದೆಂದು, ನಾಲ್ಕು ದಿನದಿಂದ ಜೇಬಿನಲ್ಲಿ ಮಡಚಿಟ್ಟುಕೊಂಡಿದ್ದ ರಜೆ ಅರ್ಜಿಯನ್ನು ತೆಗೆದು ಮೇಜಿನ ಮೇಲಿಟ್ಟ. ಬಾಯಿಂದ ಹತ್ತಿ ಉಗುಳಿ, ಮೊಮ್ಮಗಳ ವಿಷಯವನ್ನೂ ಅವಳ ಮೂಗಿನ ವಿಷಯವನ್ನೂ ಹೇಳಿದ.

ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು.

"ಅಲ್ಲ ಮಾರಾಯ್ರೇ, ನಾಲ್ಕು ದಿನ ನೀವು ಹೋಗ್ಬಿಟ್ರೆ, ನಾನು ಆಫೀಸಿಗೆ ಬರೋದು ಹೇಗೆ?"