ಹದಿನಾಲ್ಕು ಪದಾರ್ಥಗಳ ಪೌಷ್ಟಿಕ ಹಿಟ್ಟು

ನಾನು ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ನನ್ನ ಕೈ ದಾಟಿ ಕೆಟ್ಟ ಮಾಲು ಹೊರಗೆ ಹೋದದ್ದಿಲ್ಲ. ಹಾಗಾಗಿ ಒಂದು ವರ್ಷದ ಮಗುವಿಗೆ ಹಿಟ್ಟು ಮಾಡಿಕೊಡುವುದು ದೊಡ್ಡ ಕೆಲಸವೆನಿಸಲಿಲ್ಲ.

ಮಗು ನಮ್ಮ ಮನೆಗೆಲಸದ ಮಂಜುಳಾಳದು. ಹೆಸರು ಹರ್ಷಿತಾ. ಪುಟ್ಟೇನಹಳ್ಳಿಯ ಅಂಗನವಾಡಿಯಲ್ಲಿ ತೂಕ ನೋಡಿ, ಮುಂದಿನ ತಿಂಗಳೂ ಏರದಿದ್ದರೆ ಆಸ್ಪತ್ರೆಗೆ ಸೇರಿಸಬೇಕು ಎಂದಿದ್ದರು. ಅದೇ ವಾರ, ಬಾಣಂತಿಯರಿಗೆ ಸರ್ಕಾರ ಕೊಡುವ ಸಹಾಯಧನದ ಒಂದು ಕಂತು, ಹೆರಿಗೆಯಾಗಿ ವರ್ಷ ಕಳೆದ ಮೇಲೆ, ಅವಳ ಖಾತೆಗೆ ಬಂತು.

"ದಿನಾ ಒಂದು ಮೊಟ್ಟೆ, ಅರ್ಧ ಲೀಟರ್ ಹಾಲು ಕೊಡ್ತೀನಿ ಅಂಕಲ್. ಅಷ್ಟೇ ಸಾಕು ಅಂದ್ರು ಟೀಚರು" ಎಂದಳು ಮಂಜುಳಾ.

ಅಷ್ಟೇ ಸಾಕು! ನನ್ನೊಳಗಿನ ಅಧಿಕಾರಿ ಎದ್ದು ಕುಳಿತ. ಮೊಬೈಲಿನಲ್ಲಿ ಹದಿನಾಲ್ಕು ಪದಾರ್ಥಗಳ ಪೌಷ್ಟಿಕ ಹಿಟ್ಟಿನ ವಿಡಿಯೊ ನೋಡಿ, ಮೂರು ದಿನ ಅವಳಿಗೆ ಉಪನ್ಯಾಸ ಕೊಟ್ಟೆ. ನಾಲ್ಕನೆಯ ದಿನ, ನನ್ನ ಬಾಯಿ ನಿಲ್ಲಲಿ ಎಂದೇ ಇರಬೇಕು, ಅವಳು ಹಣ ಬಿಡಿಸಿ ತಂದು ಕೊಟ್ಟಳು.

"ರೀ, ಮಗು ಅವಳದು, ದುಡ್ಡೂ ಅವಳದು. ಮಧ್ಯೆ ನಿಮ್ದೇನು?" ಎಂದಳು ನನ್ನ ಹೆಂಡತಿ ವಿಮಲಾ.

"ಎಲ್ಲಾ ವೈಜ್ಞಾನಿಕವಾಗಿ ಆಗ್ಬೇಕು ವಿಮಲಾ."

"ನೀವು ಹಾಲು ಕಾಯಿಸಿದ್ರೆ ಸ್ಟವ್ ತೊಳಿಯೋಳು ನಾನು. ಇದನ್ನ ಯಾರು ತೊಳೀಬೇಕೋ!"

ಬಾದಾಮಿ, ಗೋಡಂಬಿ, ಕೆಂಪಕ್ಕಿ, ಹೆಸರುಕಾಳು... ಜಯನಗರದ ಅಂಗಡಿಯಲ್ಲಿ ಹಣ ಪೂರ್ತಿ ಕರಗಿತು. ಎಲ್ಲವನ್ನೂ ಹುರಿದು, ಸ್ಟೀಲ್ ಡಬ್ಬಕ್ಕೆ ತುಂಬಿ, ಜೀವನದಲ್ಲಿ ಮೊದಲ ಬಾರಿಗೆ ಹಿಟ್ಟಿನ ಗಿರಣಿಗೆ ಹೋದೆ.

ಅಲ್ಲಿ ಐದಾರು ಹೆಂಗಸರು ಡಬ್ಬ ಹಿಡಿದು ನಿಂತಿದ್ದರು. ಯಂತ್ರ ಖಾಲಿ ಇತ್ತು. ಯಾರೂ ಮುಂದೆ ಹೋಗುತ್ತಿರಲಿಲ್ಲ. "ನೀವು ಹಾಕ್ಸಿ." "ಅಯ್ಯೋ, ಬೇಡ, ನೀವೇ ಹಾಕ್ಸಿ." ಈ ದೇಶ ಮುಂದುವರಿಯದಿರುವುದು ಇದಕ್ಕೇ ಎಂದುಕೊಂಡು ನಾನು ಮುಂದೆ ನಡೆದೆ.

"ಸಾರ್, ಈಗ್ತಾನೆ ಮೆಣಸಿನಕಾಯಿ ಬೀಸಿದ್ದು. ಪರವಾಗಿಲ್ವಾ?" ಎಂದ ಗಿರಣಿಯವನು.

"ಪರವಾಗಿಲ್ಲಪ್ಪ. ನನ್ನ ಡಬ್ಬ ಬೇರೆ ಇದೆ. ತೊಳೆದು ಒಣಗಿಸಿದ್ದೀನಿ."

ಅವನು ಒಂದು ಕ್ಷಣ ನನ್ನನ್ನೇ ನೋಡಿ, ಯಂತ್ರ ಚಾಲೂ ಮಾಡಿದ. ಹೆಂಗಸರೆಲ್ಲ ನನ್ನನ್ನು ಕೃತಜ್ಞತೆಯಿಂದ ನೋಡಿದರು. ಹಿಟ್ಟು ನಸುಗೆಂಪಾಗಿತ್ತು. ಕಬ್ಬಿಣಾಂಶ ಎಂದುಕೊಂಡೆ! ದಾರಿಯುದ್ದಕ್ಕೂ ಸೀನಿದೆ. ಧೂಳು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲೇ ಗಂಜಿ ಕಾಯಿತು. ಮಂಜುಳಾ ಒಂದು ತೊಟ್ಟು ರುಚಿ ನೋಡಲು ಹೋದಳು. "ಎಂಜಲು ಮಾಡ್ಬೇಡಮ್ಮ, ಸೋಂಕಾಗುತ್ತೆ" ಎಂದು ತಡೆದವನು ನಾನೇ.

ಮೊದಲ ಚಮಚ ಬಾಯಿಗೆ ಹೋಯಿತು. ಮಗು ಕಣ್ಣರಳಿಸಿತು. ಮುಖ ಕೆಂಪಾಯಿತು. ಆಮೇಲೆ ಬಂದ ಆ ಕೂಗು ನನಗೆ ಈಗಲೂ ಕೇಳಿಸುತ್ತದೆ. ಮಂಜುಳಾ ಮಗುವನ್ನು ಎದೆಗೊತ್ತಿಕೊಂಡು ಹಾಲೂಡಿಸಲು ಕುಳಿತಳು. ವಿಮಲಾ ಗಂಜಿಯನ್ನು ನಾಲಿಗೆಗೆ ಮುಟ್ಟಿಸಿ, "ರೀ, ಇದು ಗಂಜಿಯಲ್ಲ, ಸಾರು!" ಎಂದಳು.

ಅಂದಿನಿಂದ ಹರ್ಷಿತಾ ಚಮಚ ಕಂಡರೆ ಬಾಯಿ ಬಿಗಿಯುತ್ತಿದ್ದಳು. ಅಂಗನವಾಡಿಯವರ ಚಮಚಕ್ಕೂ ಅದೇ ಗತಿ. ತೂಕದ ದಿನ ಇನ್ನೂರು ಗ್ರಾಂ ಇಳಿದಿತ್ತು. "ಇನ್ನೊಂದೇ ಒಂದು ತಿಂಗಳು ನೋಡ್ತೀವಿ, ಆಮೇಲೆ ಆಸ್ಪತ್ರೇನೇ" ಎಂದರಂತೆ. ಮಂಜುಳಾ ನನ್ನನ್ನು ಬೈಯಲಿಲ್ಲ. ಪಾತ್ರೆ ತೊಳೆದಳು, ನೆಲ ಒರೆಸಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಅವಳ ಹಣ ಹಿಂದಿರುಗಿಸಿದೆ. ಅವಳು ಮೊಟ್ಟೆ, ಹಾಲು ತಂದಳು. ಮೊಟ್ಟೆಯನ್ನು ಬೆರಳಲ್ಲೇ ಕಿವುಚಿ, ಹಾಡು ಹೇಳಿಕೊಂಡು, ಚೂರುಚೂರೇ ತಿನ್ನಿಸಿದಳು. ಮುಂದಿನ ತಿಂಗಳು ತೂಕ ಏರಿತು. ಆಸ್ಪತ್ರೆಯ ಮಾತು ನಿಂತಿತು. ಇದರಲ್ಲಿ ವಿಜ್ಞಾನ ಎಲ್ಲಿತ್ತೋ, ನನಗಂತೂ ಕೇಳುವ ಧೈರ್ಯವಿರಲಿಲ್ಲ.

ಮೊನ್ನೆ ಅಡುಗೆಮನೆಯಲ್ಲಿ ಮಂಜುಳಾಳ ದನಿ ಕೇಳಿಸಿತು. "ಆಂಟಿ, ಇನ್ನೊಂದು ಕಂತು ಬಂತು. ಅಂಕಲ್‌ಗೆ ಮಾತ್ರ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ನನಗೇನು ಹುಚ್ಚಾ?" ಎಂದಳು ವಿಮಲಾ.

ನಾನು ನಾಲ್ಕು ಹೆಜ್ಜೆ ದೂರದಲ್ಲಿ ಪೇಪರ್ ಓದುತ್ತಿದ್ದೆ. ಕೇಳಿಸದವನಂತೆ ಹಾಳೆ ತಿರುವಿದೆ. ಆ ಮಗುವಿಗೆ ನನ್ನಿಂದಾದ ಮೊದಲ ಉಪಕಾರ ಅದು!